ಉಂಡೆಗೊಂದು ಕಲ್ಲು

ದಿನಾ ಬಾಗಿಲೊಳಗೆ ಬರುತ್ತೆ, ಒಂದು ದಿನವೂ ದಾರಿ ಸವೆಸಿಲ್ಲ. ಹೊತ್ತವಳು ನಕ್ಕಳು, ಹೊರಿಸಿದವನು ಅತ್ತ. ಏನದು?

ತಲೆ ಕೆರಕೊಳ್ಳಬೇಡಿ, ಬರಲ್ಲ. ಈ ಒಡಪು ಯಾವ ಅಜ್ಜಿಯೂ ಹೇಳಿದ್ದಲ್ಲ. ನಾನೇ ಮಾಡಿದ್ದು. ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ನಮ್ಮ ಗುರು ಹಂಪವ್ವ. ಹೊಳೆ ಪಕ್ಕದ ದಿಬ್ಬದ ಮೇಲೆ ಅವರ ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಎರಡು ಜೋಪಡಿ, ಒಂದು ಒರಳು, ಒರಳಿಗೊಬ್ಬ ಓಬ. ಓಬ ಅಂದರೆ ನಾನು.

ಮುಟ್ಟು ನಿಂತ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಮುಟ್ಟು ನಿಂತ ಮೇಲೆ ಮೂಳೆ ಒಳಗೊಳಗೇ ಟೊಳ್ಳಾಗುತ್ತೆ, ಗೆದ್ದಲು ಹಿಡಿದ ತೊಲೆ ಹಾಗೆ, ಮುರಿಯೋವರೆಗೂ ಗೊತ್ತಾಗಲ್ಲ ಅನ್ನುತ್ತಿದ್ದರು ಗುರುಗಳು.

ಅದಕ್ಕೆ ಅವರು ಕೊಡುತ್ತಿದ್ದದ್ದು ಉಂಡೆ. ಮಂಗರವಳ್ಳಿ ಅಂತ ಒಂದು ಬಳ್ಳಿ ಇದೆ. ನಾಲ್ಕು ಮೂಲೆ, ಗೇಣಿಗೊಂದು ಗಿಣ್ಣು, ನೋಡೋಕೆ ಮೂಳೆಗೆ ಮೂಳೆ ಜೋಡಿಸಿದ ಹಾಗೇ. ಅದರ ಎಳೆ ಕುಡಿಯನ್ನು ಹುಣಸೆ ಹುಳಿಯಲ್ಲಿ ಬೇಯಿಸಿ, ಒಣಗಿಸಿ, ಕರಿ ಎಳ್ಳು, ರಾಗಿ ಹುರಿಹಿಟ್ಟು, ಬೆಲ್ಲ ಹಾಕಿ ಕುಟ್ಟಬೇಕು. ಹುಳಿ ಬಿಟ್ಟರೆ ಗಂಟಲು ಕೆರೆಯುತ್ತೆ. ನಿನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಎರಡು ದಿನ ನನಗೆ ಮಾತೇ ಬರಲಿಲ್ಲ. ಆ ಎರಡು ದಿನ ಆಶ್ರಮ ಎಷ್ಟು ತಣ್ಣಗಿತ್ತು ಅಂತ ಗುರುಗಳು ಈಗಲೂ ನೆನೆಸಿಕೊಳ್ಳುತ್ತಾರೆ.

ದಿನಕ್ಕೆ ಒಂದೇ ಉಂಡೆ. ಮನೆಗೆ ಕಟ್ಟಿ ಕೊಡುತ್ತಿರಲಿಲ್ಲ. ತಿನ್ನುವವಳೇ ಬರಬೇಕು. ಬೆಳಗಿನ ಬಿಸಿಲಲ್ಲಿ ಹೊಳೆಗಿಳಿದು, ತೆಂಗಿನಕಾಯಿ ಗಾತ್ರದ ಕಲ್ಲೊಂದು ಎತ್ತಿ, ಎದೆಗಪ್ಪಿಕೊಂಡು, ಬೆನ್ನು ಬಗ್ಗಿಸದೆ ದಿಬ್ಬ ಹತ್ತಿ ಬರಬೇಕು.

ಉಂಡೆಗೊಂದು ಕಲ್ಲು. ಅಷ್ಟೇ ಕಟ್ಟಳೆ.

"ಇಷ್ಟೊಂದು ಕಲ್ಲು ಯಾಕವ್ವ? ಕೋಟೆ ಕಟ್ಟಿಸ್ತೀಯಾ?" ಅಂದೆ ಒಂದು ದಿನ.

"ಹೂಂ."

"ಎಲ್ಲಿ?"

"ಅವರೊಳಗೆ."

ಮುದುಕಿಗೆ ಅರಳುಮರಳು ಅಂದುಕೊಂಡೆ.

ಸಣ್ಣೀರಮ್ಮ ಉಗಾದಿ ಮುಂದೆ ಬಂದಳು. ಆಶ್ರಮದ ಬೆನ್ನಿಗೇ ಅವಳ ಮನೆ. ಕಂಬಳಿ ನೇಯುವವಳು. ದಿನವಿಡೀ ಮಗ್ಗದ ಗುಂಡಿಯಲ್ಲಿ ಕೂತೇ ಇರುತ್ತಿದ್ದಳು. ಬಂದವಳು ಗುರುಗಳ ಮುಂದೆ ನಿಂತೇ ಮಾತಾಡಿದಳು.

"ನಮ್ಮವ್ವ ನನ್ನ ವಯಸ್ಸಿಗೇ ಬಗ್ಗೋಕೆ ಶುರು ಮಾಡಿದ್ಲು. ಕುಡುಗೋಲಿನ ಹಾಗೆ ಆಗಿಬಿಟ್ಲು. ಕೊನೆಗೆ ಹತ್ತು ವರ್ಷ ನೆಲ ಬಿಟ್ಟರೆ ಬೇರೆ ನೋಡಲಿಲ್ಲ. ನನಗೆ ಹಂಗಾಗಬಾರದು. ಸಾಯೋವರೆಗೂ ನೆಟ್ಟಗೆ ನಿಂತು ಮುಗಿಲು ನೋಡಬೇಕು. ಆಗುತ್ತಾ?"

"ಉಂಡೆ ಅರ್ಧ," ಅಂದರು ಗುರುಗಳು. "ಇನ್ನರ್ಧ ಹೊಳೆಯಲ್ಲಿ ಬಿದ್ದಿದೆ. ದಿನಾ ಹೋಗಿ ಎತ್ತಿಕೊಂಡು ಬಾ."

ಒಂದು ವಾರ ಎತ್ತಿಕೊಂಡು ಬಂದಳು. ಎಂಟನೇ ದಿನ ಆಶ್ರಮದ ಹಿಂದೆ ಬೇಲಿ ಹತ್ತಿರ ಕೂತುಬಿಟ್ಟಳು. ಬೇಲಿ ಈಚೆ ನಾನು ಬಳ್ಳಿ ಹರವುತ್ತಿದ್ದೆ.

"ಮಂಡಿ ಹಿಡ್ಕೊಂಡಿದೆ ಕಣೋ ಓಬ. ಮಗ್ಗದಲ್ಲಿ ಅರ್ಧ ಕಂಬಳಿ ಹಂಗೇ ಇದೆ. ಇವತ್ತೊಂದು ದಿನ ಕಲ್ಲಿಲ್ಲದೆ ಕೊಡ್ತಾಳಾ ನಿಮ್ಮವ್ವ?"

"ಕೊಡಲ್ಲ. ಆದರೆ ಕಲ್ಲಿಗೇನು ಬರ?"

ಹೆಂಗಸರು ತಂದು ಹಾಕಿದ ಕಲ್ಲಿನ ರಾಶಿಯಿಂದ ಒಂದು ಎತ್ತಿ ಬೇಲಿ ಆಚೆ ದಾಟಿಸಿದೆ. ಅದರ ಮೇಲೆ ಅಡ್ಡಕ್ಕೆ ಬಿಳಿ ಗೆರೆ ಇತ್ತು, ವಿಭೂತಿ ಬಳಕೊಂಡ ಹಾಗೆ. ಸಣ್ಣೀರಮ್ಮ ಅದನ್ನು ಎದೆಗಪ್ಪಿಕೊಂಡು, ಸುತ್ತಿ ಬಂದು, ಉಸ್ಸಪ್ಪಾ ಅಂತ ಏದುಸಿರು ಬಿಡುತ್ತಾ ಮುಂಬಾಗಿಲಿಂದ ಒಳಗೆ ನಡೆದಳು. ಇಪ್ಪತ್ತು ಹೆಜ್ಜೆಗೆ ಅಷ್ಟು ಏದುಸಿರು! ನಾನು ಒರಳಿನ ಹಿಂದೆ ಕೂತು ಬಾಯಿಗೆ ಬಟ್ಟೆ ತುರುಕಿಕೊಂಡೆ.

ಗುರುಗಳು ಎರಡೂ ಕೈಯಲ್ಲಿ ಕಲ್ಲು ಇಸಕೊಂಡರು. ಉಂಡೆ ಕೊಟ್ಟರು.

ಮರುದಿನವೂ ಅದೇ ಕಲ್ಲು. ಅದರ ಮರುದಿನವೂ. ನಾವು ಅದಕ್ಕೆ ಸ್ವಾಮಿಗಳು ಅಂತ ಹೆಸರಿಟ್ಟೆವು.

"ಸ್ವಾಮಿಗಳು ಎದ್ದರೇನೋ ಓಬ?" ಅಂತ ಬೇಲಿ ಆಚೆಯಿಂದ ಪಿಸುಗುಡುತ್ತಿದ್ದಳು.

"ಸ್ನಾನ ಆಗಿದೆ ತಾಯಿ. ಪಾದಯಾತ್ರೆಗೆ ಹೊರಟಿದ್ದಾರೆ. ಮೆಲ್ಲಗೆ ಎತ್ತಿಕೋ."

ಅವಳು ನಕ್ಕರೆ ಬೇಲಿ ಅಲ್ಲಾಡುತ್ತಿತ್ತು. ಕಲ್ಲು ಮುಂದಿನಿಂದ ಒಳಗೆ ಹೋಗುತ್ತಿತ್ತು, ಹಿಂದಿನಿಂದ ಹೊರಗೆ ಬರುತ್ತಿತ್ತು. ಮಿಕ್ಕ ಹೆಂಗಸರು ಬೆವರು ಒರೆಸಿಕೊಂಡು ದಿಬ್ಬ ಹತ್ತುವಾಗ ನಾವಿಬ್ಬರೂ ಕಣ್ಣು ಮಿಟುಕಿಸುತ್ತಿದ್ದೆವು.

ಒಂದು ಸಲ ಮಾತ್ರ ಗುರುಗಳು ಕಲ್ಲನ್ನು ತಿರುಗಿಸಿ ನೋಡಿದರು.

"ಈ ಕಲ್ಲಿಗೆ ನಮ್ಮ ಬಾಗಿಲಿನ ಗುರುತು ಚೆನ್ನಾಗಿ ಸಿಕ್ಕಿದೆ," ಅಂದರು.

ನಾನು ಜೋರಾಗಿ ಕುಟ್ಟಿದೆ.

ಏಳು ತಿಂಗಳು ಹೀಗೇ ನಡೆಯಿತು. ಉಂಡೆ ಒಂದು ದಿನವೂ ತಪ್ಪಲಿಲ್ಲ.

ದೀಪಾವಳಿಗೆ ಸಣ್ಣೀರಮ್ಮ ಅಂಗಳ ಸಾರಿಸುತ್ತಿದ್ದಳು. ಹಸಿ ನೆಲ, ಕಾಲು ಜಾರಿತು. ಎತ್ತರದಿಂದೇನೂ ಬೀಳಲಿಲ್ಲ. ಮಗು ಬಿದ್ದರೆ ಎದ್ದು ಮಣ್ಣು ಕೊಡವಿಕೊಂಡು ಓಡುತ್ತೆ, ಬಿದ್ದದ್ದು ಅಷ್ಟೇ. ಅವಳು ಏಳಲಿಲ್ಲ.

ಗುರುಗಳು ಓಡಿ ಹೋದರು. ಕಾಲು ಹೊರಳಿದ್ದು ನೋಡಿದರು, ಮುಟ್ಟಲಿಲ್ಲ.

"ಇದು ನನ್ನ ಕೈಯಲ್ಲಿಲ್ಲ. ಗಾಡಿ ತರಿಸಿ, ಆಸ್ಪತ್ರೆಗೆ ಕರಕೊಂಡು ಹೋಗಿ. ಈಗಲೇ."

ತಿಂಗಳಾದ ಮೇಲೆ ಸೊಂಟಕ್ಕೆ ಸರಳು ಹಾಕಿಸಿಕೊಂಡು ಬಂದಳು. ಬಂದವಳು ಮಲಗೇ ಇದ್ದಳು. ಅವಳ ಅವ್ವ ನೆಲ ನೋಡಿದಳು. ಇವಳು ಮಾಡಿನ ಹಂಚು ನೋಡುತ್ತಾಳೆ.

ನಾನು ಬೇಲಿ ಹತ್ತಿರಕ್ಕೇ ಹೋಗಲಿಲ್ಲ.

ಅವಳ ತಂಗಿ ಒಂದು ದಿನ ಬಂದು ಹೇಳಿದಳು: "ಸ್ವಾಮಿಗಳು ಹೆಂಗಿದ್ದಾರೆ ಅಂತ ಕೇಳಿದ್ಲು ಕಣೋ ಅಕ್ಕ. ಯಾವ ಸ್ವಾಮಿಗಳು? ಜ್ವರ ಏನಾದ್ರೂ ತಲೆಗೇರಿದೆಯಾ ಅವಳಿಗೆ?"

ಆಗ ನಾನು ಕಲ್ಲು ಎತ್ತಿಕೊಂಡು ಗುರುಗಳ ಮುಂದೆ ಹೋಗಿ ಇಟ್ಟೆ.

"ಅವ್ವಾ, ಇದೊಂದೇ ಕಲ್ಲು. ಏಳು ತಿಂಗಳೂ ಇದೊಂದೇ."

"ಗೊತ್ತು."

"ಯಾವಾಗಿಂದ?"

"ಎರಡನೇ ದಿನದಿಂದ."

ನನಗೆ ಸಿಟ್ಟು ಬಂತು. ನನ್ನ ತಪ್ಪಿಗೆ ಅವರ ಮೇಲೆ ಸಿಟ್ಟು.

"ಮತ್ತೆ ಯಾಕೆ ಸುಮ್ಮನಿದ್ದೆ? ನನಗೆ ಎರಡು ಬಾರಿಸಬೇಕಿತ್ತು! ಅವಳನ್ನ ಹೊಳೆಗೆ ಅಟ್ಟಬೇಕಿತ್ತು!"

ಗುರುಗಳು ಕಲ್ಲಿನ ಬಿಳಿ ಗೆರೆ ಮೇಲೆ ಬೆರಳಾಡಿಸಿದರು.

"ಮೊದಲ ವಾರ ಮುಖ ಗಂಟಿಕ್ಕಿಕೊಂಡು ಬರ್ತಿದ್ದಳು. ಆಮೇಲೆ ನಗ್ತಾ ಬಂದಳು. ಇವತ್ತೊಂದು ದಿನ ನಗಲಿ, ನಾಳೆ ಹೇಳಿದರಾಯ್ತು ಅಂದುಕೊಂಡೆ. ಮರುದಿನವೂ ನಕ್ಕಳು. ನಾನೂ ಒಳಗೆ ಹೋಗಿ ನಕ್ಕೆ."

"ಹೊತ್ತಿದ್ದರೆ ಮುರೀತಿರಲಿಲ್ವಾ?"

"ಮುರೀತಿತ್ತೋ ಏನೋ. ಹೊತ್ತವರದ್ದೂ ಮುರಿದಿದೆ, ಹೊರದೇ ಇದ್ದವರು ಗಟ್ಟಿಯಾಗಿರೋದೂ ಇದೆ. ಅವಳದ್ದು ಏನಾಗ್ತಿತ್ತು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ. ಅದು ಗೊತ್ತಾಗೋ ದಾರಿ ಕಳೆದವರು ನಾವಿಬ್ಬರು."

ಎದ್ದು ಹೊಳೆಗೆ ಹೋದರು. ಎಪ್ಪತ್ತು ದಾಟಿದ ಹೆಂಗಸು. ಒಂದು ಕಲ್ಲು ಅಪ್ಪಿಕೊಂಡು ದಿಬ್ಬ ಹತ್ತಿ ಬಂದು ರಾಶಿಗೆ ಹಾಕಿದರು. ಮತ್ತೆ ಇಳಿದರು.

"ಕೊಡವ್ವ, ನಾನು ತರ್ತೀನಿ," ಅಂತ ಹಿಂದೆ ಓಡಿದೆ.

"ಇದು ನನ್ನ ನಾಳೆಗಳ ಲೆಕ್ಕ. ನಿನ್ನ ಕಲ್ಲು ನೀನು ಹುಡುಕಿಕೋ."

ಕಥೆಯ ಕೊನೆ ಹೀಗಿದೆ. ಮುಂದಿನ ಉಗಾದಿ ಬಂತು. ಸಣ್ಣೀರಮ್ಮ ಗೋಡೆ ಹಿಡಿದು ಎದ್ದಳು. ಆಮೇಲೆ ಗೋಡೆ ಬಿಟ್ಟಳು. ಕೋಲು ಊರಿ ಹೊಳೆಗಿಳಿದಳು, ನಾನು ಅಲ್ಲಿಟ್ಟಿದ್ದ ಸ್ವಾಮಿಗಳನ್ನು ಒಂದು ಕೈಯಲ್ಲಿ ಎದೆಗಪ್ಪಿಕೊಂಡು ಒಂದೊಂದೇ ಹೆಜ್ಜೆ ದಿಬ್ಬ ಹತ್ತಿದಳು. ಮುಂಬಾಗಿಲಲ್ಲಿ ಕೋಲು ಬಿಸಾಡಿದಳು. ನೆಟ್ಟಗೆ ನಿಂತು ಮುಗಿಲು ನೋಡಿದಳು. ಅವಳು ನಕ್ಕಿದ್ದಕ್ಕೆ ಬೇಲಿ ಅಲ್ಲಾಡಿತು.

ಸುಳ್ಳು. ಉಗಾದಿ ಇನ್ನೂ ಬಂದೇ ಇಲ್ಲ. ಸಣ್ಣೀರಮ್ಮ ಇನ್ನೂ ಹಂಚು ನೋಡುತ್ತಿದ್ದಾಳೆ. ನಾನು ಅವಳ ಮುಖ ನೋಡಿ ಮೂರು ತಿಂಗಳಾಯಿತು. ಕೊನೆ ನಾನು ಕಟ್ಟಿದ್ದು.

ಕಟ್ಟಿ ಮೊದಲು ಗುರುಗಳಿಗೇ ಹೇಳಿದೆ. ಎಳ್ಳು ಕೇರುತ್ತಾ ಕೇಳಿಸಿಕೊಂಡರು. ಬೈಯಲಿಲ್ಲ. ಮೊರ ಕೆಳಗಿಟ್ಟು, ಬೇಲಿ ಆಚೆಯ ಮನೆ ಕಡೆ ಕೈ ತೋರಿಸಿದರು.

"ಇದನ್ನ ಹೊತ್ತುಕೊಂಡು ಹೋಗಿ ಅವಳಿಗೆ ಹೇಳು. ಬೇಲಿ ಮೇಲಿಂದ ದಾಟಿಸಬೇಡ, ಬಾಗಿಲಿಂದ ಹೋಗು."