ಪುಕ್ಕ ಮಾಸದ ಬೆಳ್ಳಕ್ಕಿ

"ಮುತ್ಯಾ, ಇಬ್ಬರಿಗೂ ಕೆಲಸ ಕಲಿಸಿದವ ನೀನ. ಲಾಲಸಾಬನ ಭಟ್ಟಿ ಧೂಳು ಕಾರಂಗಿಲ್ಲ. ನಂದೊಂದ ಯಾಕ ದಿನಾ ಕಾರತದ?"

ಸಿಮೆಂಟು ಭಟ್ಟಿ ಉರಿಸುವ ಭೀಮಶಾ ಊಟದ ಹೊತ್ತಿನಲ್ಲಿ ತನ್ನ ಗುರು ಸಾಯಬಣ್ಣ ಮುತ್ಯಾನನ್ನು ಹೀಗೆ ಕೇಳಿದ. ಕಾರ್ಖಾನೆಯಲ್ಲಿ ಹೊಸ ದೊಡ್ಡ ಭಟ್ಟಿ ಎದ್ದು ನಿಂತಿತ್ತು. ಅದನ್ನು ಯಾರ ಕೈಗೆ ಕೊಡಬೇಕೆಂದು ಮಾಲಕ ಅಂದು ಸಂಜೆ ಮುದುಕನನ್ನು ಕೇಳುವವನಿದ್ದ. ಮುದುಕನ ಬಾಯಲ್ಲಿ ಪಕ್ಕದ ಭಟ್ಟಿ ಉರಿಸುವ ಲಾಲಸಾಬನ ಹೆಸರು ಬಂದೀತೆಂದು ಭೀಮಶಾನಿಗೆ ಅಂಜಿಕೆಯಿತ್ತು. ಅದಕ್ಕೇ ಬೆಳಿಗ್ಗೆ ಅವನು ಯಾರಿಗೂ ಹೇಳದೆ ಒಂದು ಕೆಲಸ ಮಾಡಿ ಬಂದಿದ್ದ. ತನ್ನ ಭಟ್ಟಿಯ ಗಾಳಿ ಎಳೆಯುವ ಕದವನ್ನು ಮುಕ್ಕಾಲು ಮುಚ್ಚಿದ್ದ. ಎಳೆತ ತಗ್ಗಿದರೆ ಧೂಳು ಮೇಲೇರುವುದಿಲ್ಲ. ಮಾಲಕ ಬಂದಾಗ ಚಿಮಣಿ ಚೊಕ್ಕ ಕಾಣುತ್ತದೆ.

ಮುದುಕ ರೊಟ್ಟಿ ಮುರಿದ.

"ಧೂಳಿನ ಮಾತು ನನ್ನ ಮುಂದ ಆಡಬ್ಯಾಡ. ನಾ ಭಟ್ಟಿ ನೋಡಿಕೊಳ್ಳೋವಾಗ ಚಿಮಣಿ ತುದಿಯೊಳಗ ಬೆಳ್ಳಕ್ಕಿ ಗೂಡು ಕಟ್ಟಿತ್ತು. ಮರಿ ಮಾಡ್ತು. ಮರಿ ಬಲಿತು ಹಾರಿ ಹೋದವು. ಒಂದು ಪುಕ್ಕ ಮಾಸಿರಲಿಲ್ಲ."

ಆ ಚಿಮಣಿಯನ್ನು ಕೆಡವಿ ಎಷ್ಟೋ ಕಾಲವಾಗಿತ್ತು. ಅದನ್ನು ಕಂಡವರೆಲ್ಲ ಮಣ್ಣು ಸೇರಿದ್ದರು. ಭೀಮಶಾನಿಗೆ ಆ ಬೆಳ್ಳಕ್ಕಿಯ ಮೇಲೂ ಹೊಟ್ಟೆಕಿಚ್ಚಾಯಿತು.

"ಇನ್ನ ನಿನ್ನ ಮಾತಿಗೆ ಬರ್ತೀನಿ" ಎಂದು ಮುದುಕ ಕತೆ ತೆಗೆದ.

ಒಬ್ಬ ಸುಣ್ಣ ಸುಡುವವನಿದ್ದ. ಅವನ ಭಟ್ಟಿಯ ಎದುರಿಗೆ ಇನ್ನೊಬ್ಬನ ಭಟ್ಟಿ. ಎದುರಿನವನ ಹೊಗೆ ತೆಳ್ಳಗೆ ಏರುತ್ತಿತ್ತು. ಇವನ ಭಟ್ಟಿಯ ಧೂಳು ಊರ ಮೇಲೆಲ್ಲ ಬೀಳುತ್ತಿತ್ತು. ಎಮ್ಮೆಗಳು ಬೆಳ್ಳಗಾಗಿ, ಜನ ಆಕಳೆಂದು ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು.

ಅವನು ತನ್ನ ಬೆಂಕಿ ನೋಡುವುದನ್ನು ಬಿಟ್ಟು ಎದುರಿನ ಚಿಮಣಿ ನೋಡತೊಡಗಿದ. ಉಂಡರೂ ಅದೇ, ಮಲಗಿದರೂ ಅದೇ. ಕಡೆಗೊಂದು ದಿನ ತನ್ನ ಚಿಮಣಿಯ ಬಾಯಿಗೆ ಚಪ್ಪಡಿ ಎಳೆದ. ಧೂಳು ಹೊರಗೆ ಬರಲಿಲ್ಲ. ಒಳಗೇ ಸುತ್ತಿತು, ಕಾದು ಅಂಟಾಯಿತು, ಗೋಡೆಗೆ ಹತ್ತಿತು. ಪದರದ ಮೇಲೆ ಪದರ ಹಕ್ಕಳೆಗಟ್ಟಿ ಭಟ್ಟಿಯ ಕೊರಳು ಬಿಗಿಯಿತು. ಕಲ್ಲು ಕೆಳಗಿಳಿಯಲಿಲ್ಲ, ಗಾಳಿ ಮೇಲೇರಲಿಲ್ಲ.

ಹಕ್ಕಳೆ ಒಡೆಯಲು ಅವನಲ್ಲಿ ಹಾರೆ ಇರಲಿಲ್ಲ. ನಾಚಿಕೆ ಬಿಟ್ಟು ಎದುರಿನವನ ಬಳಿ ಹೋದ. ಅವನು ಮೊಳದುದ್ದದ ಕಬ್ಬಿಣದ ತುಂಡು ತಂದು ಕೊಟ್ಟ.

"ಇದೇನಣ್ಣ, ಇದು ಹಾರೆಯೇ?"

"ತಂದಾಗ ನನ್ನಷ್ಟೇ ಎತ್ತರವಿತ್ತು ತಮ್ಮಾ. ದಿನಾ ಬೆಳಿಗ್ಗೆ ಭಟ್ಟಿಯ ಕೊರಳಲ್ಲಿ ಹಾಕಿ ಕುಟ್ಟಿ ಕುಟ್ಟಿ ಇಷ್ಟು ಉಳಿದಿದೆ. ನೀನು ನನ್ನ ಚಿಮಣಿ ನೋಡುತ್ತಿದ್ದೆ. ಕೆಳಗೆ ನೋಡಲಿಲ್ಲ."

ಇವನು ತುಂಡು ಹಿಡಿದು ಓಡಿ ಬರುವಷ್ಟರಲ್ಲಿ ಬೆಂಕಿ ಸತ್ತಿತ್ತು. ಊರವರು ನೆರೆದು ತಲೆಯೆತ್ತಿ ನಿಂತಿದ್ದರು. "ಇವತ್ತು ನಿನ್ನ ಚಿಮಣಿಯೇ ಚೊಕ್ಕ ನೋಡಪ್ಪ" ಎಂದರು.

ಮುದುಕ ಕತೆ ನಿಲ್ಲಿಸಿ ನೀರು ಕುಡಿದ.

ಮಾತು ತನಗೇ ತಾಗಿತೆಂದು ಭೀಮಶಾನಿಗೆ ತಿಳಿಯಿತು. ತಾಗಿದ್ದನ್ನು ಮರೆಮಾಚಲು ಅವನು ಮುದುಕನ ಮಾತನ್ನೇ ಹಿಡಿದ.

"ಅದಿರಲಿ ಮುತ್ಯಾ. ಉರಿಯೋ ಚಿಮಣಿ ಮ್ಯಾಲ ಹಕ್ಕಿ ಹ್ಯಾಂಗ ಗೂಡು ಕಟ್ಟೀತು? ತತ್ತಿ ಬೆಂದು ಹೋಗತಿರಲಿಲ್ಲೇನು? ಇಷ್ಟು ದೊಡ್ಡ ಸುಳ್ಳು ಹೇಳಬ್ಯಾಡ."

ಮುದುಕ ಭುಜ ಕುಣಿಸಿದ.

"ಧೂಳು ಇರಲಿಲ್ಲ ಅಂದೆ. ಬೆಂಕಿ ಇತ್ತು ಅಂತ ಅಂದೆನೇನು?"

ಭೀಮಶಾ ತಲೆಯೆತ್ತಿ ತನ್ನ ಚಿಮಣಿಯ ಕಡೆ ನೋಡಿದ. ಅದರ ಮೇಲೆ ಧೂಳೂ ಇರಲಿಲ್ಲ, ಹೊಗೆಯೂ ಇರಲಿಲ್ಲ, ಆಕಾಶ ನೀಲಿಯಾಗಿತ್ತು. ರೊಟ್ಟಿಯನ್ನು ಅಲ್ಲೇ ಬಿಟ್ಟು ಕದ ತೆರೆಯಲು ಎದ್ದ.