ಪತಂಗಗಳಿಗೆ ಹೆಸರಿಟ್ಟವನು

"ಅವ್ವನವರೇ, ಬೆಳಿಗ್ಗೆ ಕಾವಿ ಉಡಲು ಮನಸ್ಸು ಹಾತೊರೆಯುತ್ತದೆ, ಸಂಜೆಯಾದರೆ ಮನೆಗೆ ಓಡೋಣವೆನ್ನುತ್ತದೆ. ಇವರಿಬ್ಬರಲ್ಲಿ ನಿಜವಾದ ದಾನಮ್ಮ ಯಾರು?"

ದೀಕ್ಷೆ ಮರುದಿನವೇ ಇತ್ತು. ಕೇಳಿದ ಶಿಷ್ಯೆ ದಾನಮ್ಮನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಗುರುಮಾತೆ ಸಮಾಧಾನದ ಮಾತಾಡಲಿಲ್ಲ. ಒಂದು ಕತೆ ಹೇಳಿದರು.

ಹಿಮ ಬೀಳುವ ಬಡಗಣ ನಾಡಿನಲ್ಲಿ ಒಬ್ಬ ಪಂಡಿತನಿದ್ದ. ಪತಂಗಗಳನ್ನು ಹಿಡಿದು ಹೆಸರಿಡುವುದು ಅವನ ವಿದ್ಯೆ. ಹೊಸ ಜಾತಿಯನ್ನು ಮೊದಲು ಗುರುತಿಸಿದವನ ಹೆಸರು ಅದರೊಡನೆ ಉಳಿಯುವುದು ಅಲ್ಲಿನ ವಿದ್ವಾಂಸರ ಕಟ್ಟಳೆ. ಅವನ ಕಾಡಿನಲ್ಲಿ ಒಂದು ಪತಂಗದ ರೆಕ್ಕೆ ಬೂದಿ, ಒಂದರದು ಇಟ್ಟಿಗೆಗೆಂಪು, ಮತ್ತೊಂದಕ್ಕೆ ನಡುವೆ ಕಪ್ಪು ಪಟ್ಟಿ. ಪಂಡಿತ ಬಣ್ಣಕ್ಕೊಂದು ಪೆಟ್ಟಿಗೆ ಮಾಡಿ, ಸೂಜಿ ಚುಚ್ಚಿ, ಹೆಸರು ಬರೆದ. ಆದರೆ ಪ್ರತಿ ಬೇಸಿಗೆಯಲ್ಲೂ ಯಾವ ಪೆಟ್ಟಿಗೆಗೂ ಸಲ್ಲದ ಒಂದು ಪತಂಗ ಬಂದು ಅವನ ನಿದ್ದೆ ಕೆಡಿಸುತ್ತಿತ್ತು. ಒಮ್ಮೆ ಬೂದಿ ಬಣ್ಣದ ಹೆಣ್ಣೂ ಕೆಂಪು ಗಂಡೂ ಕೂಡಿರುವುದನ್ನು ಕಂಡ. ತಪ್ಪು ಪತಂಗಗಳದ್ದೇ ಎಂದು ಬಗೆದು, ಅವನ್ನು ಬೇರ್ಪಡಿಸಿ ಎರಡು ಪೆಟ್ಟಿಗೆಗಳಿಗೆ ಹಾಕಿದ.

"ಗಂಡಹೆಂಡಿರನ್ನು ಅಗಲಿಸಿದಿರಿ. ಆ ಪಾಪ ನಮಗೆ ತಟ್ಟದಿರಲಿ" ಎಂದು ಹೆಂಡತಿ ನಕ್ಕಳು.

ಚುಚ್ಚಿಸಿಕೊಂಡ ಹೆಣ್ಣು ಸಾಯುವ ಮುನ್ನ ಮೊಟ್ಟೆಯಿಟ್ಟಿತು. ಪಂಡಿತ ಹಿಗ್ಗಿದ. ಮರಿಗಳೆಲ್ಲ ತಾಯಿಯಂತೆ ಬೂದಿಯಾದರೆ ವಿದ್ವತ್ಸಭೆಯಲ್ಲಿ ಅವನ ಮಾತು ಗೆಲ್ಲುತ್ತದೆ. ಇಲ್ಲವಾದರೆ ಬಾಳೆಲ್ಲ ದುಡಿದದ್ದು ನೀರಿನಲ್ಲಿ ಹೋಮ. ಚಳಿಗಾಲ ಕಳೆದು ಮೊಟ್ಟೆ ಒಡೆಯಿತು. ಅವನೇ ಪೊದೆಗಳಿಂದ ಎಳೆಯ ಚಿಗುರು ತಂದು ಹುಳುಗಳನ್ನು ಸಾಕಿದ. ಅವು ಗೂಡು ಕಟ್ಟಿಕೊಂಡ ಮೇಲೆ ಊಟ ಬಿಟ್ಟು ಅವುಗಳ ಮುಂದೆ ಶತಪಥ ತಿರುಗಿದ.

ಮೊದಲು ಹೊರಬಂದದ್ದು ಬೂದಿ. ಅವನು ನಿರಾಳವಾಗಿ ಉಸಿರುಬಿಟ್ಟ. ಅದರ ಬೆನ್ನಿಗೇ ಕೆಂಪು ಬಂತು, ಪಟ್ಟಿಯದು ಬಂತು, ಅವನು ಹೆಸರಿಡದ ಬಣ್ಣಗಳೂ ಬಂದವು. ಒಂದೇ ತಾಯಿಯ ಮಕ್ಕಳು ಕೋಣೆಯ ತುಂಬ ಹಾರಾಡಿದವು. ಜಾತಿ ಒಂದೇ ಎಂಬುದು ಅವನಿಗೆ ತಿಳಿಯಿತು. ಬರೆದಿಟ್ಟ ಹೆಸರುಗಳನ್ನು ಒಂದೊಂದಾಗಿ ಹರಿದುಹಾಕಿದ. ಆದರೂ ಅವನಿಗೆ ನೆಮ್ಮದಿ ಬರಲಿಲ್ಲ. ಇಷ್ಟು ಬಣ್ಣಗಳಲ್ಲಿ ಮೂಲದ್ದು ಒಂದು ಇರಲೇಬೇಕೆಂದು, ಕೋಣೆಯ ಬಾಗಿಲು ಹಾಕಿಕೊಂಡು ಮತ್ತೆ ಸೂಜಿ ಹಿಡಿದು ಪರೀಕ್ಷೆಗೆ ತೊಡಗಿದ.

ಗುರುಮಾತೆ ಅಲ್ಲಿಗೆ ನಿಲ್ಲಿಸಿದರು. ದಾನಮ್ಮ ತಡೆಯಲಾರದೆ, ಹಾಗಾದರೆ ಅವುಗಳಲ್ಲಿ ನಿಜವಾದದ್ದು ಯಾವುದೆಂದು ಕೇಳಿದಳು.

"ಅದನ್ನು ಕಂಡುಹಿಡಿಯಲೆಂದೇ, ತಾಯಿ, ಅವನು ಎಲ್ಲವನ್ನೂ ಕೊಂದ."