ಗಿಳಿಗರಿಯ ಬಾಣ

"ಹುಲಿಗುಂದದ ಸಮಸ್ತರಿಗೂ ತಿಳಿಸುವುದೇನೆಂದರೆ, ದೊರೆಮಗಳು ಬಾಚಲೆ ಕೇಳುವ ಮೂರು ಒಗಟುಗಳನ್ನು ಬಿಡಿಸಿದವನಿಗೆ ಅವಳನ್ನೂ ಅರ್ಧ ರಾಜ್ಯವನ್ನೂ ಕೊಡಲಾಗುವುದು. ಬಿಡಿಸಲಾಗದವನ ತಲೆ ತೆಗೆಯಲಾಗುವುದು. ಬಂದವರಿಗೆ ಊಟದ ವ್ಯವಸ್ಥೆ ಇದೆ."

ಡಂಗುರ ಸಾರಿದವನು ಕೊನೆಯ ಮಾತನ್ನು ಮತ್ತೊಮ್ಮೆ ಹೇಳಿದ. ಹಾಗಾಗಿ ಜನ ಬಂದರು.

ಕರಿಗನೂ ಕೇಳಿಸಿಕೊಂಡ. ಅವನು ಅರಮನೆಯ ಬಿಲ್ಲಿನ ಬಯಲಿನಲ್ಲಿ ಬಾಣ ಹೆಕ್ಕುವವನು. ಒಂದು ತುದಿಯಲ್ಲಿ ಅರಮನೆಯವರು ನಿಂತು ಬಿಡುತ್ತಿದ್ದರು, ಇನ್ನೊಂದು ತುದಿಯಲ್ಲಿ ಅವನು ಹೆಕ್ಕುತ್ತಿದ್ದ. ಬಯಲಿನ ನಡುವೆ ಒಂದು ಗೂಟ. ಹೆಕ್ಕಿದ್ದನ್ನು ಅದರ ಬುಡದಲ್ಲಿಟ್ಟು ಹಿಂದಿರುಗಬೇಕು, ದಾಟುವಂತಿಲ್ಲ. ದೊರೆಮಗಳ ಬಾಣಗಳಿಗೆ ಗಿಳಿಯ ಗರಿ. ಅವಳು ಅವನ ಪಾಲಿಗೆ ದೂರದಲ್ಲಿ ಕಾಣುವ ಅರಿಸಿನದ ಚುಕ್ಕೆ. ಆ ಚುಕ್ಕೆಯಿಂದ ಹೊರಟ ಹಸಿರು ಗರಿ ತನ್ನ ಕಾಲ ಬಳಿ ಬಂದು ನಾಟಿದಾಗ, ಯಾರೋ ತನ್ನನ್ನು ಕರೆದಂತೆ ಅವನಿಗೆ ಆಗುತ್ತಿತ್ತು.

ಅರಮನೆಯಲ್ಲಿ ಪದವಿ ಏರಿದಂತೆ ಬಿಲ್ಲಿನ ಬಿಗಿಯೂ ಏರಬೇಕೆಂಬ ಪದ್ಧತಿ ಇತ್ತು. ಬಾಚಲೆಗೆ ಪಟ್ಟದ ಹಕ್ಕು ಬಂದ ದಿನವೇ ಆಳೆತ್ತರದ ವಂಶದ ಬಿಲ್ಲೂ ಬಂತು. ಪುರೋಹಿತರನ್ನು ಕೇಳಿದ್ದರು, ಗ್ರಹಗಳನ್ನು ಕೇಳಿದ್ದರು. ಭುಜವನ್ನು ಕೇಳುವ ಪದ್ಧತಿ ಇರಲಿಲ್ಲ.

ಅಂದಿನಿಂದ ಅವಳ ಬಾಣಗಳು ಅವಳ ಹತ್ತಿರದಲ್ಲೇ ಬೀಳತೊಡಗಿದವು. ಹೆಕ್ಕಲು ಕರಿಗ ಮುಂದೆ ಮುಂದೆ ಬರಬೇಕಾಯಿತು. ಚುಕ್ಕೆಗೆ ಕೈಕಾಲು ಮೂಡಿದವು, ಜಡೆ ಮೂಡಿತು. ಅವನು ಸುಮ್ಮನೆ ಸಂತೋಷಪಟ್ಟ. ಒಂದು ಬೆಳಿಗ್ಗೆ ಬಾಣ ಗೂಟದ ಪಕ್ಕದಲ್ಲೇ ಬಿತ್ತು. ಆಗ ಮುಖವೂ ಕಂಡಿತು. ಅವಳು ಭುಜ ಹಿಡಿದುಕೊಂಡು ತುಟಿ ಕಚ್ಚಿದ್ದಳು. ಆಮೇಲೆ ಬಾಣ ಬರಲಿಲ್ಲ. ಕರಿಗ ಮಾತ್ರ ದಿನಾ ಹೋಗಿ ತನ್ನ ತುದಿಯಲ್ಲಿ ನಿಲ್ಲುತ್ತಿದ್ದ. ಅದು ಅವನ ಕೆಲಸವೇ ಆದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಬಿಲ್ಲುಚಾವಡಿಯಲ್ಲಿ ಸಭೆ ಕೂಡಿತು. ಬಾಚಲೆ ಮೊದಲನೆಯದನ್ನು ಕೇಳಿದಳು: "ಮಲಗಿದಾಗ ನೆಟ್ಟಗಿರುತ್ತದೆ, ಎದ್ದಾಗ ಬಾಗಿರುತ್ತದೆ. ಸದಾ ಎಬ್ಬಿಸಿಟ್ಟರೆ ಸತ್ವ ಕಳೆದುಕೊಳ್ಳುತ್ತದೆ. ಏನದು?"

"ದ್ವಾರಪಾಲಕ," ಎಂದ ಮಂತ್ರಿಯ ಮಗ. ಅವನನ್ನು ಒಳಗಿನ ಸೆರೆಕೋಣೆಯಲ್ಲಿ ಕೂರಿಸಿದರು. ಆಷಾಢದಲ್ಲಿ ತಲೆ ತೆಗೆಯುವುದು ಶುಭವಲ್ಲವೆಂದು ಜೋಯಿಸರು ಹೇಳಿದ್ದರಿಂದ ಅದನ್ನು ಶ್ರಾವಣಕ್ಕೆ ಮುಂದೂಡಿ ಊಟ ಮುಂದುವರಿಸಿದರು.

ಆಸ್ಥಾನ ಪಂಡಿತರು ಬಿಲ್ಲು ಎಂದರು, ಸರಿಯಾಯಿತು. ಎರಡನೆಯದು ಬಂತು: "ದೂರದಲ್ಲಿ ಭಾರವಿಲ್ಲ. ಹತ್ತಿರ ಬಂದಷ್ಟೂ ಭಾರ. ಕೈಬಿಟ್ಟರೆ ಏನೂ ಉಳಿಯುವುದಿಲ್ಲ."

"ಹೆಂಡತಿ," ಎಂದರು ಪಂಡಿತರು. ಅವರಿಗೆ ಆಗಲೇ ಇಬ್ಬರಿದ್ದರು. ಅವರೂ ಒಳಗೆ ಹೋದರು, ಅಷ್ಟೇನೂ ಬೇಸರವಿಲ್ಲದೆ.

ನೆರೆರಾಜ್ಯದ ಕುವರ ಬಿಲ್ಲುಗಾರ. "ಹೆದೆಯ ಎಳೆತ," ಎಂದ. ಸಭೆ ನೆಟ್ಟಗೆ ಕೂತಿತು. ಅದೂ ಸರಿಯಾಯಿತು. ಮೂರನೆಯದಕ್ಕೆ ಬಾಚಲೆ ಬಿಲ್ಲುಗಳನ್ನು ತೂಗುಹಾಕಿದ್ದ ಗೋಡೆಯ ಕಡೆ ಕೈತೋರಿದಳು.

"ಇಲ್ಲಿರುವ ಬಿಲ್ಲುಗಳಲ್ಲಿ ನನ್ನದು ಯಾವುದು?"

ಕುವರ ವಂಶದ ಬಿಲ್ಲನ್ನೇ ಇಳಿಸಿ, ಹೆದೆ ಏರಿಸಿ, ಕಿವಿಯವರೆಗೆ ಎಳೆದು ತೋರಿಸಿದ. ದೊರೆ ತಲೆದೂಗಿದ.

"ಅಲ್ಲ," ಎಂದಳು ಬಾಚಲೆ.

"ಯಾಕಮ್ಮ? ಎಷ್ಟು ಚೆನ್ನಾಗಿ ಎಳೆದ."

"ಎಳೆದವರು ಅವರು, ಅಪ್ಪಾಜಿ. ನಾನು ಕೇಳಿದ್ದು ನನ್ನದು."

ಕುವರನೂ ಒಳಗೆ ಹೋದ. ಊಟದ ಸಾಲಿನ ಕೊನೆಯಲ್ಲಿದ್ದ ಕರಿಗನಿಗೆ ಇದು ಒಗಟು ಅನ್ನಿಸಲಿಲ್ಲ. ಅವಳು ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾಳೆ, ಅಷ್ಟೇ. ಅವನು ಎಲೆ ಮಡಚಿ, ಕೈ ತೊಳೆದು ಎದುರು ಬಂದು ನಿಂತ.

"ನೀನು ಬಾಣ ಹೆಕ್ಕುವವನಲ್ಲವೇನಯ್ಯ?" ಎಂದ ದೊರೆ. "ಮೊದಲೆರಡರ ಉತ್ತರ ಊರಿಗೇ ಗೊತ್ತಾಗಿದೆ. ನೀನು ಕಾರಣ ಹೇಳು."

"ಹೆದೆ ಇಳಿಸಿ ಮಲಗಿಸಿದರೆ ಬಿಲ್ಲು ನೆಟ್ಟಗಾಗುತ್ತದೆ, ಬುದ್ಧಿ. ಸದಾ ಹೆದೆ ಏರಿಸಿಟ್ಟರೆ ಬಾಗಿಯೇ ಉಳಿದು ಸೋಲುತ್ತದೆ. ಎಳೆತವೂ ಹಾಗೇ. ಎದೆಯ ಹತ್ತಿರ ಬಂದಷ್ಟೂ ಹೆಚ್ಚಾಗುತ್ತದೆ. ಬಿಲ್ಲಿನ ಭಾರ ಎತ್ತುವಾಗ ತಿಳಿಯುವುದಿಲ್ಲ, ಹಿಡಿದು ನಿಂತಾಗ ತಿಳಿಯುತ್ತದೆ."

"ಮೂರನೆಯದು?" ಎಂದಳು ಬಾಚಲೆ.

"ನನಗೆ ಗೊತ್ತಿಲ್ಲ, ಅಮ್ಮಣ್ಣಿ."

ಒಳಗಿನಿಂದ ಪಂಡಿತರು, "ಇಲ್ಲಿ ಜಾಗ ಇದೆ, ಬಾರಪ್ಪ," ಎಂದರು.

"ನಿಮ್ಮ ಭುಜಕ್ಕೆ ಗೊತ್ತು," ಎಂದ ಕರಿಗ. "ನಮ್ಮ ಹಟ್ಟಿಯಲ್ಲಿ ಹೆದೆಯನ್ನು ಕೆನ್ನೆಯವರೆಗೆ ಎಳೆದು ಹಿಡಿದು, ನಮ್ಮ ಹೆಸರು, ಅವ್ವನ ಹೆಸರು, ಹಟ್ಟಿಯ ಹೆಸರು ಹೇಳುತ್ತೇವೆ. ದನಿ ನಡುಗಿದರೆ ಅದು ಬೇರೆಯವರ ಬಿಲ್ಲು. ಎಳೆದು ನೋಡಿ. ಬಾಣವಿಲ್ಲದೆ ಹೆದೆ ಬಿಡಬೇಡಿ, ಮೆಲ್ಲಗೆ ಇಳಿಸಿ."

ಇಷ್ಟು ದಿನ ಯಾರೂ ಅವಳಿಗೆ ಎಳೆದು ನೋಡಿ ಆರಿಸಿಕೋ ಎಂದಿರಲಿಲ್ಲ. ವಂಶದ ಬಿಲ್ಲನ್ನು ಎಳೆದಾಗ ಅವಳ ಹೆಸರೇ ಪೂರ್ತಿ ಹೊರಡಲಿಲ್ಲ. ಚಿನ್ನದ ಕಟ್ಟಿನ ಬಿಲ್ಲಿಗೆ ಹೆಸರು ಬಂತು, ಅಲ್ಲಿಗೇ ದನಿ ಒಡೆಯಿತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಬಿದಿರಿನ ಬಿಲ್ಲಿಗೆ ಹೆದೆ ಏರಿಸಿ ಎಳೆದಳು. ಕೆನ್ನೆಗೆ ಹೆದೆ ತಾಗಿತು. ತನ್ನ ಹೆಸರು ಹೇಳಿದಳು. ತೀರಿಹೋದ ತಾಯಿಯ ಹೆಸರು ಹೇಳಿದಳು. ಕಣ್ಣು ತುಂಬಿತು, ದನಿ ನಡುಗಲಿಲ್ಲ. ಹುಲಿಗುಂದ ಎಂದಳು.

"ಅದು ಕಾವಲಿನವರದು, ಮಗಳೇ," ಎಂದ ದೊರೆ.

"ನನ್ನದು, ಅಪ್ಪಾಜಿ."

ದೊರೆ ವಂಶದ ಬಿಲ್ಲನ್ನು ಎತ್ತಿ ಮತ್ತೆ ಗೋಡೆಗೆ ತೂಗುಹಾಕಿದ. ಆಮೇಲೆ ಮಾತಿಗೆ ತಪ್ಪದೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಟ್ಟೆ ಎಂದ. ಮದುವೆಗೂ ಆಷಾಢ ಅಡ್ಡ ಬಂತು. ಒಳಗಿದ್ದವರನ್ನು ಕರಿಗ ಕೇಳಿ ಬಿಡಿಸಿದ. ಪಂಡಿತರು ರಾತ್ರಿಯ ಊಟ ಮುಗಿಸಿಯೇ ಹೊರಟರು.

"ನಿನಗೆ ಇನ್ನೇನು ಬೇಕು?" ಎಂದಳು ಬಾಚಲೆ.

"ನನ್ನ ತುದಿಗೆ ಹೋಗಿ ನಿಲ್ಲಲೇ?"

ಮರುದಿನ ಬೆಳಿಗ್ಗೆ ಹೋಗಿ ನಿಂತ. ಅರಿಸಿನದ ಚುಕ್ಕೆ ಮತ್ತೆ ಚುಕ್ಕೆಯಷ್ಟೇ ಆಗಿತ್ತು. ಹಸಿರು ಗರಿ ಬಯಲನ್ನೆಲ್ಲ ದಾಟಿ ಬಂದು ಅವನ ಕಾಲ ಬಳಿ ನಾಟಿತು. ಅವನು ಅದನ್ನು ಕಿತ್ತು, ಮಣ್ಣು ಒರೆಸಿ, ಹೊರಟ. ಗೂಟದ ಬಳಿ ಕಾಲು ಅಭ್ಯಾಸದಂತೆ ನಿಂತಿತು.

ಚುಕ್ಕೆಗೆ ಮತ್ತೆ ಮುಖ ಮೂಡಿತ್ತು; ಅವಳು ಬಿಲ್ಲನ್ನು ಕೆಳಗಿಟ್ಟು, ಕಾಯುತ್ತ ನಿಂತಿದ್ದಳು. ಅವನು ಗೂಟವನ್ನು ದಾಟಿದ.